ಕಾಲುವೆ ಸೀಮೆಯ ಹಳೆಯ ಗೋಡೆಗೆ ಸುಣ್ಣದ ಗಿಲಾವು

ನಾನು ದುರಸ್ತಿ ಮಾಡುತ್ತಿರುವುದು ಗಂಗಾವತಿ ತಾಲ್ಲೂಕಿನ ನಮ್ಮ ಊರಿನಲ್ಲಿ ನನ್ನ ಅಜ್ಜ ಕಲ್ಲು ಮತ್ತು ಕೆಸರಿನಿಂದ ಕಟ್ಟಿಸಿದ ಮಾಳಿಗೆ ಮನೆಯ ಪಡಸಾಲೆ. ಗೋಡೆಯ ಕೆಳಭಾಗಕ್ಕೆ, ಸುಮಾರು ನಾಲ್ಕು ಅಡಿ ಎತ್ತರದವರೆಗೆ, ಹತ್ತು ವರ್ಷದ ಹಿಂದೆ ನಾವು ಸಿಮೆಂಟ್ ಗಿಲಾವು ಮಾಡಿಸಿದ್ದೆವು. ಈಗ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಎಲ್ಲ ಕಡೆ ಪೊಳ್ಳು ಸದ್ದು ಬರುತ್ತದೆ. ಉಳಿ ಹಾಕಿ ಒಂದು ಅಂಚನ್ನು ಎಬ್ಬಿಸಿದಾಗ ಅಂಗಳದ ಬಂಡೆಯಷ್ಟು ಅಗಲದ ಪದರ ಹಾಗೆಯೇ ಕಳಚಿ ಬಂದಿತು. ಅದರ ಹಿಂದಿನ ಕೆಸರು, ಆಗಷ್ಟೇ ಕಲಸಿದಂತೆ ಹಸಿಯಾಗಿತ್ತು.

ತಪ್ಪು ಸಿಮೆಂಟಿನದಲ್ಲ, ಅದನ್ನು ಬಳಸಿದ ಜಾಗದ್ದು. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಈ ಭಾಗಕ್ಕೆ ಬಂದ ಮೇಲೆ ಇಲ್ಲಿ ಭತ್ತ ಬೆಳೆಯಿತು. ಜೊತೆಗೆ ತಗ್ಗಿನ ಹೊಲಗಳಲ್ಲಿ ಸವುಳು ಮತ್ತು ಜವಳಿನ, ಅಂದರೆ ನೆಲ ಉಪ್ಪಾಗುವ ಮತ್ತು ನೀರು ನಿಂತು ಜೌಗಾಗುವ ಸಮಸ್ಯೆಯೂ ಬೆಳೆಯಿತು. ಹೊಲದಲ್ಲಿ ಬಿಳಿ ಪೊರೆಯಾಗಿ ಕಾಣುವ ಉಪ್ಪು ನೆಲದ ತೇವದೊಂದಿಗೆ ನಮ್ಮ ಗೋಡೆಯೊಳಗೂ ಏರುತ್ತದೆ. ಕೆಸರಿನ ಗೋಡೆ ಆ ತೇವವನ್ನು ಗಾಳಿಗೆ ಬಿಟ್ಟುಕೊಡಬೇಕು. ಗಟ್ಟಿ ಸಿಮೆಂಟ್ ಅದನ್ನು ತಡೆದಾಗ ತೇವ ಇನ್ನೂ ಮೇಲಕ್ಕೆ ಏರುತ್ತದೆ, ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುತ್ತದೆ. ಆದ್ದರಿಂದ ಗಿಲಾವಿಗೂ ಮೊದಲು ನಾನು ಮಾಡಿದ ಕೆಲಸ ಸಲಿಕೆಯದು: ಹೊರಗೋಡೆಗೆ ಆನಿಕೊಂಡು ವರ್ಷಗಳಿಂದ ಏರಿದ್ದ ಮಣ್ಣನ್ನು ಒಂದೂವರೆ ಅಡಿ ತೆಗೆದು, ಮಾಳಿಗೆಯ ನೀರು ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡಿದೆ. ಇದನ್ನು ಬಿಟ್ಟು ಎಂತಹ ಗಿಲಾವು ಮಾಡಿದರೂ ಹಣ ವ್ಯರ್ಥ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಆರಿಸಿಕೊಂಡದ್ದು ಸುಣ್ಣ. ನಮಗೆ ಅದರ ನೆನಪು ಮಸುಕಾಗಿದೆ, ಆದರೆ ಹೊಳೆಯ ಆಚೆ ಹಂಪಿಯ ಕಮಲ ಮಹಲಿನ ಕಮಾನುಗಳ ಮೇಲೆ ಇಂದಿಗೂ ಉಳಿದಿರುವ ಅಲಂಕಾರ ಸುಣ್ಣದ ಗಾರೆಯದೇ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಗೋಡೆಗೆ ಹಚ್ಚಿದ ಸುಣ್ಣ ಅದೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ.

ಸುಟ್ಟ ಸುಣ್ಣವನ್ನು ಅರಳಿಸುವಾಗ ದಯವಿಟ್ಟು ಕನ್ನಡಕ ಮತ್ತು ರಬ್ಬರ್ ಕೈಗವಸು ಹಾಕಿಕೊಳ್ಳಿ. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ರಾಶಿಗೆ ನೀರು ಸುರಿಯಬಾರದು, ಏಕೆಂದರೆ ಅದು ಕುದಿದು ಸಿಡಿಯುತ್ತದೆ ಮತ್ತು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಮಕ್ಕಳನ್ನು ಹತ್ತಿರ ಬಿಡಬೇಡಿ. ಅರಳಿದ್ದನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ, ಮೂರು ವಾರ ಮುಚ್ಚಿಟ್ಟೆ. ಅರಳದ ಕಾಳು ಉಳಿದರೆ ಮುಂದೆ ಗೋಡೆಯ ಮೇಲೆ ಗುಳ್ಳೆಯೆದ್ದು ಸಿಡಿಯುತ್ತದೆ.

ಕೆಳಗಿನ ತೇವದ ಭಾಗಕ್ಕೆ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಅಂದರೆ ಇಟ್ಟಿಗೆಯ ಪುಡಿ, ಎರಡು ಪಾಲು ಮರಳು ಕಲಸಿದೆ. ಮೇಲ್ಭಾಗಕ್ಕೆ ಒಂದಕ್ಕೆ ಮೂರು ಪಾಲು ತೊಳೆದ ಮರಳು ಸಾಕಾಯಿತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುವ ಹಳೆಯ ಪದ್ಧತಿಯೂ ಇದೆ. ಅದರ ಹದ ಬಲ್ಲವರು ಜೊತೆಗಿಲ್ಲದ ಕಾರಣ ನಾನು ಬೆರೆಸಲಿಲ್ಲ.

ಸಡಿಲ ಕೆಸರನ್ನು ಕೆರೆದು, ಸಂದುಗಳಿಗೆ ಕಲ್ಲಿನ ಚಕ್ಕೆ ತುಂಬಿ, ಗೋಡೆಯನ್ನು ಹಿಂದಿನ ಸಂಜೆ ಮತ್ತು ಆ ಬೆಳಿಗ್ಗೆ ನೆನೆಸಿದೆ. ಗಾರೆಯನ್ನು ಸವರುವುದಕ್ಕಿಂತ ಥಾಪಿಯಿಂದ ಬೀಸಿ ಹೊಡೆದರೆ ಚೆನ್ನಾಗಿ ಹಿಡಿಯುತ್ತದೆ. ಪಕ್ಕದ ಮನೆಯ ಗೌಂಡಿ ಕಾಕಾ ಬಾಗಿಲಲ್ಲಿ ನಿಂತು, "ಒಮ್ಮಿಗೇ ದಪ್ಪ ಹೊಡೀಬ್ಯಾಡ ತಮ್ಮಾ, ಜೋತು ಬೀಳ್ತೈತಿ" ಎಂದರು. ಅವರ ಮಾತಿನಂತೆ ಪ್ರತಿ ಪದರವನ್ನು 10 ಮಿಲಿಮೀಟರ್ ಒಳಗೇ ಇಟ್ಟು, ಮೊದಲನೆಯದು ಬಿಗಿಯಾದ ಮೇಲೆ ಅಡ್ಡಡ್ಡ ಗೀರಿ, ವಾರ ಬಿಟ್ಟು ಎರಡನೆಯದನ್ನು ಹಾಕಿದೆ.

ಪಶ್ಚಿಮದ ಗೋಡೆಯಲ್ಲಿ ನನಗೆ ಸೋಲಾಯಿತು. ಬಾಗಿಲು ತೆರೆದಿಟ್ಟಿದ್ದರಿಂದ ಮಧ್ಯಾಹ್ನದ ಬಿಸಿಗಾಳಿಗೆ ಪದರ ಒಂದೇ ದಿನದಲ್ಲಿ ಒಣಗಿ, ಕೆರೆಯ ತಳದಂತೆ ಬಿರುಕು ಬಿಟ್ಟಿತು. ಎಲ್ಲವನ್ನೂ ಕೆರೆದು ತೆಗೆದು ಮತ್ತೆ ಹೊಡೆದೆ. ಈ ಸಲ ಒದ್ದೆ ಗೋಣಿತಟ್ಟುಗಳನ್ನು ತೂಗುಹಾಕಿ, ಹತ್ತು ದಿನ ದಿನಕ್ಕೆ ಮೂರು ಬಾರಿ ನೀರು ಸಿಂಪಡಿಸಿದೆ. ನಮ್ಮ ಕಡೆ ಈ ಕೆಲಸಕ್ಕೆ ನವೆಂಬರ್‌ನಿಂದ ಜನವರಿ ಕೊನೆಯವರೆಗಿನ ದಿನಗಳೇ ಸರಿ.

ಗೋಡೆಯ ಬುಡದಲ್ಲಿ ಈಗ ತೆಳುವಾದ ಬಿಳಿ ಗೆರೆಯೊಂದು ಕಾಣುತ್ತಿದೆ. ಅದು ಒಳಗಿನ ಉಪ್ಪು ಹೊರಬರುತ್ತಿರುವ ಗುರುತು. ಅದನ್ನು ನೀರಿನಿಂದ ತೊಳೆಯದೆ ಒಣ ಬ್ರಶ್‌ನಿಂದ ಉಜ್ಜಿ, ಮೊರಕ್ಕೆ ತೆಗೆದು ಹೊರಗೆ ಚೆಲ್ಲುತ್ತಿದ್ದೇನೆ. ಗೆರೆ ನಿಂತ ಮೇಲೆಯೇ ಸುಣ್ಣ ಬಳಿಯುತ್ತೇನೆ, ಪೇಂಟ್ ಹಚ್ಚುವುದಿಲ್ಲ. ಅಡುಗೆಮನೆಯ ಗೋಡೆಗೆ ಬೇಕಾದ ಸುಣ್ಣ ಹಿತ್ತಲಿನ ಡ್ರಮ್ಮಿನಲ್ಲಿ ಈಗಾಗಲೇ ನೆನೆಯುತ್ತಿದೆ.