ಗೆದ್ದವನು ಕಾಯ್ತಾ ನಿಂತ ಗುರುವಾರ

ಎಲ್ಲರಿಗೂ ನಮಸ್ಕಾರ. ಇವತ್ತು ಹಿಮದ ಮೇಲಿನ ಒಂದು ರೇಸಿನ ಕಥೆ ಹೇಳ್ತೀನಿ, ಅದೂ ರಿಸಲ್ಟ್ ಪಟ್ಟಿಯ ಕೆಳಗಿನ ತುದಿಯಿಂದ ಶುರು ಮಾಡ್ತೀನಿ.

1998ನೇ ಇಸವಿ ಫೆಬ್ರವರಿ 12, ಗುರುವಾರ. ಜಪಾನಿನ ನಗಾನೊ ಚಳಿಗಾಲದ ಒಲಿಂಪಿಕ್ಸು. ಹಾಕುಬಾ ಅನ್ನೋ ಬೆಟ್ಟದೂರಲ್ಲಿ ಗಂಡಸರ 10 ಕಿಲೋಮೀಟರ್ ಕ್ರಾಸ್ ಕಂಟ್ರಿ ಸ್ಕೀಯಿಂಗ್. ಪಟ್ಟಿಯ ಕಟ್ಟಕಡೆಗೆ, 92ನೇ ಸ್ಥಾನದಲ್ಲಿ, ಕೀನ್ಯಾದ ಫಿಲಿಪ್ ಬೋಯಿಟ್, ಟೈಮು 47 ನಿಮಿಷ 25.5 ಸೆಕೆಂಡು. ಮೇಲಿನ ತುದೀಲಿ ನಾರ್ವೆಯ ಬ್ಯೋರ್ನ್ ಡೇಲಿ, 27 ನಿಮಿಷ 24.5 ಸೆಕೆಂಡು. ಇಬ್ಬರ ಮಧ್ಯೆ 20 ನಿಮಿಷ 1 ಸೆಕೆಂಡು. 10 ಕಿಲೋಮೀಟರ್ ರೇಸಲ್ಲಿ ಅದೆಷ್ಟು ದೊಡ್ಡ ಅಂತರ ಅಂದ್ರೆ, ಬೆಳ್ಳಿ ಗೆದ್ದ ಆಸ್ಟ್ರಿಯಾದ ಮಾರ್ಕುಸ್ ಗಾಂಡ್ಲರ್ ಡೇಲಿಗಿಂತ ಬರೀ 8 ಸೆಕೆಂಡು ಹಿಂದಿದ್ದ.

ಈ ಕಥೆ ನನಗ್ಯಾಕೆ ಅಷ್ಟು ಹತ್ತಿರ ಅಂತ ಮೊದ್ಲೇ ಹೇಳ್ಬಿಡ್ತೀನಿ. ಬೆಂಗಳೂರಲ್ಲಿ ಭಾನುವಾರ ಬೆಳಗ್ಗೆ ನಡೆಯೋ ಓಟಗಳಿಗೆ ನಾನು ವಾಲಂಟಿಯರ್ ಆಗಿ ಹೋಗ್ತಿರ್ತೀನಿ, ನೀರು ಕೊಡೋ ಕೆಲಸ. ಮೊದಲು ಬರೋರಿಗೆ ಡೋಲು, ಮೈಕು, ಫೋಟೋ ಎಲ್ಲಾ ಇರತ್ತೆ. ಕೊನೇಲಿ ಬರೋರ ಹೊತ್ತಿಗೆ ಕಮಾನು ಬಿಚ್ಚಿರ್ತಾರೆ, ಬಾಳೆಹಣ್ಣು ಖಾಲಿ, ರಸ್ತೇಲಿ ಬಸ್ಸು ಆಟೋ ಓಡಾಡೋಕೆ ಶುರು ಆಗಿರತ್ತೆ. ಒಂದ್ಸಲ ಐವತ್ತು ದಾಟಿದ ಒಬ್ಬ ಅಮ್ಮ, ಚೂಡಿದಾರ್ ಮೇಲೆ ನಂಬರ್ ಚೀಟಿ ಪಿನ್ ಮಾಡ್ಕೊಂಡಿದ್ರು, ಏದುಸಿರು ಬಿಡ್ತಾ ಬಂದು "ಮುಗಿಯೋ ಜಾಗ ಎಲ್ಲಿದೆಯಪ್ಪಾ?" ಅಂತ ಕೇಳಿದ್ರು. ಆ ಜಾಗ ಆಗ್ಲೇ ಲಾರಿ ಹತ್ತಿತ್ತು. ಇಲ್ಲೇ ಅಮ್ಮಾ, ನೀವು ಮುಗಿಸಿದ್ರಿ ಅಂತ ಹೇಳಿ ನೀರು ಕೊಟ್ಟೆ, ಆದ್ರೆ ಅವರು ಸುತ್ತ ನೋಡಿದ ರೀತಿ ಇವತ್ತಿಗೂ ಮನಸ್ಸಲ್ಲಿ ಕೂತಿದೆ.

ಸರಿ, ಈ ಆಟ ಏನು ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಸ್ಕೀಯಿಂಗ್ ಅಂದ ತಕ್ಷಣ ಬೆಟ್ಟದ ಮೇಲಿಂದ ಜುಯ್ಯಂತ ಜಾರಿ ಬರೋದೇ ನಮ್ಮ ಕಣ್ಣಿಗೆ ಬರೋದು. ಇದು ಅದಲ್ಲ. ಇಲ್ಲಿ ಏರೂ ಹತ್ತಬೇಕು, ಇಳಿಜಾರೂ ಇಳಿಬೇಕು, ಮಟ್ಟಸ ಜಾಗದಲ್ಲೂ ದಬ್ಕೊಂಡು ಹೋಗಬೇಕು, ಎಲ್ಲಾ ಸ್ವಂತ ಶಕ್ತಿಯಿಂದ. ಕಾಲಿಗೆ ಕಟ್ಟಿದ ಎರಡು ಉದ್ದನೆ ಪಟ್ಟಿ, ಅದೇ ಸ್ಕೀ, ಕೈಯಲ್ಲಿ ದಬ್ಬೋಕೆ ಎರಡು ಕೋಲು. ಆ ದಿನದ್ದು ಕ್ಲಾಸಿಕ್ ಶೈಲಿ, ಅಂದ್ರೆ ಹಿಮದಲ್ಲಿ ಮೊದಲೇ ಕೊರೆದಿರೋ ಎರಡು ಸಮಾನಾಂತರ ಗೀರುಗಳ ಒಳಗೇ ಸ್ಕೀ ಸಾಗಬೇಕು, ಬಲಗಾಲು ಎಡಗೈ, ಎಡಗಾಲು ಬಲಗೈ, ನಡಿಗೆ ಥರಾನೇ, ಆದ್ರೆ ಪ್ರತಿ ಹೆಜ್ಜೆಗೂ ಒಂದು ಉದ್ದನೆ ಜಾರು. ಎಲ್ಲರೂ ಒಟ್ಟಿಗೆ ಹೊರಡೋದಿಲ್ಲ, 30 ಸೆಕೆಂಡಿಗೆ ಒಬ್ಬೊಬ್ಬರನ್ನ ಬಿಡ್ತಾರೆ, ಪಕ್ಕದಲ್ಲಿ ಎದುರಾಳಿ ಇರಲ್ಲ, ಗಡಿಯಾರದ ಜೊತೆ ಒಬ್ಬನೇ ಗುದ್ದಾಡಬೇಕು.

ಇನ್ನು ವ್ಯಾಕ್ಸು. ಅಂದ್ರೆ ಸ್ಕೀ ತಳಕ್ಕೆ ಹಚ್ಚೋ ಮೇಣ. ಸ್ಕೀ ನಡುವೆ ಬಿಲ್ಲಿನ ಥರ ಸ್ವಲ್ಪ ಮೇಲಕ್ಕೆ ಬಾಗಿರತ್ತೆ. ಆ ನಡುಭಾಗಕ್ಕೆ ಹಿಡಿತ ಕೊಡೋ ಮೇಣ, ಎರಡೂ ತುದಿಗೆ ಜಾರೋ ಮೇಣ. ಕಾಲು ಒತ್ತಿದಾಗ ನಡುಭಾಗ ಹಿಮಕ್ಕೆ ತಾಗಿ ಕಚ್ಚತ್ತೆ, ಭಾರ ಬಿಟ್ಟಾಗ ಎದ್ದು ಜಾರತ್ತೆ. ಹಿಮ ಒಣಗಿದ್ರೆ ಒಂದು ಮೇಣ, ಒದ್ದೆ ಆದ್ರೆ ಇನ್ನೊಂದು, ಅಂಟಂಟು. ತಪ್ಪಾಯ್ತು ಅಂದ್ರೆ ಒಂದೋ ಏರಲ್ಲಿ ಹಿಂದಕ್ಕೆ ಜಾರ್ತೀರಿ, ಇಲ್ಲ ಹಿಮ ಮುದ್ದೆ ಮುದ್ದೆಯಾಗಿ ತಳಕ್ಕೆ ಮೆತ್ಕೊಳ್ಳತ್ತೆ, ಮಳೆಗಾಲದಲ್ಲಿ ಗದ್ದೆ ಬದು ಮೇಲೆ ಚಪ್ಪಲಿ ಹಾಕ್ಕೊಂಡು ನಡೆದೋರಿಗೆ ಆ ಭಾರ ಏನು ಅಂತ ಗೊತ್ತು.

ಬೋಯಿಟ್ ಊರು ಕೀನ್ಯಾದ ಎಲ್ಡೊರೆಟ್ ಕಡೆ, ಭೂಮಧ್ಯರೇಖೆ ಪಕ್ಕದಲ್ಲೇ, ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದ ಪ್ರದೇಶ, ಓಟಗಾರರ ತವರು. ಅವನ ಮನೆತನಾನೇ ಓಟದ್ದು, ಚಿಕ್ಕಪ್ಪ ಮೈಕ್ ಬೋಯಿಟ್ 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ 800 ಮೀಟರ್ ಕಂಚು ಗೆದ್ದವರು. ಫಿಲಿಪ್ ಕೂಡ ಮಧ್ಯಮ ದೂರದ ಓಟಗಾರ. ಇಷ್ಟು ಚೆನ್ನಾಗಿ ಓಡೋರಿಗೆ ಸ್ಕೀ ಕಟ್ಟಿದ್ರೆ ಏನಾಗತ್ತೆ ನೋಡೋಣ ಅಂತ ನೈಕಿ ಕಂಪನಿಯವರು ಖರ್ಚು ಹಾಕಿ 1996ರಲ್ಲಿ ಅವನನ್ನೂ ಹೆನ್ರಿ ಬಿಟೊಕ್ ಅನ್ನೋ ಇನ್ನೊಬ್ಬ ಓಟಗಾರನ್ನೂ ಫಿನ್‌ಲ್ಯಾಂಡಿಗೆ ಕಳಿಸಿದ್ರು. ಫಿಲಿಪ್ ಹಿಮ ಅಂತ ಮೊದಲು ನೋಡಿದ್ದೇ ಅಲ್ಲಿ. ಅಂದ್ರೆ ಒಲಿಂಪಿಕ್ಸಿಗೆ ಬರೀ ಎರಡು ವರ್ಷ ಮುಂಚೆ!

ಕಂಪನಿಗೆ ಇದರಲ್ಲಿ ಪ್ರಚಾರ ಇತ್ತು, ಇದು ಆಟಕ್ಕೆ ಅವಮಾನ ಅಂತ ಟೀಕೆ ಮಾಡಿದೋರೂ ಇದ್ರು. ನನಗೆ ಆ ಟೀಕೆ ಒಪ್ಪಿಗೆ ಇಲ್ಲ. ದುಡ್ಡು ಯಾರದ್ದೇ ಆಗಿರಲಿ, ಆ ಚಳೀಲಿ ಬಿದ್ದು ಎದ್ದು ಕಲಿತಿದ್ದು ಆ ಮನುಷ್ಯಾನೇ ತಾನೆ. ಓಟಗಾರನಿಗೆ ಶ್ವಾಸಕೋಶ, ಹೃದಯ ಎಲ್ಲಾ ರೆಡಿ ಇರತ್ತೆ, ಆದ್ರೆ ಸ್ಕೀಯಿಂಗಲ್ಲಿ ಭುಜ, ತೋಳು, ಬೆನ್ನು, ಹೊಟ್ಟೆ ಎಲ್ಲಾ ಕಾಲಿನಷ್ಟೇ ದುಡಿಬೇಕು, ಅದು ಸಾಲದು ಅಂತ ಎರಡು ಮೂರು ಬೆರಳಗಲದ ಜಾರುಪಟ್ಟಿ ಮೇಲೆ ಒಂಟಿಕಾಲಲ್ಲಿ ತೂಕ ಹಿಡಿಬೇಕು. ನಾರ್ವೆ ಮಕ್ಕಳು ಅದನ್ನ ನಡೆಯೋಕೆ ಕಲಿಯೋ ವಯಸ್ಸಲ್ಲೇ ಕಲಿತಾರೆ, ಇವನು ಇಪ್ಪತ್ತನಾಲ್ಕರಲ್ಲಿ ಶುರು ಮಾಡಿದ. (ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಕ್ರಾಸ್ ಕಂಟ್ರಿ ಸ್ಕೀಯಿಂಗಲ್ಲಿ 2025ರಲ್ಲಿ ಚಿಲಿ ದೇಶದಲ್ಲಿ 5 ಕಿಲೋಮೀಟರ್ ರೇಸಲ್ಲಿ ಕಂಚು ಗೆದ್ದಾಗ ನಾನು ಖುಷಿಪಟ್ಟಿದ್ದಕ್ಕೆ ಅರ್ಧ ಕಾರಣ ಬೋಯಿಟ್.)

ಈಗ ಡೇಲಿ. ನಗಾನೊಗೆ ಬರುವಾಗಲೇ ಅವನ ಹತ್ರ ಐದು ಒಲಿಂಪಿಕ್ ಚಿನ್ನ ಇತ್ತು, ಇದೇ 10 ಕಿಲೋಮೀಟರನ್ನ 1994ರಲ್ಲಿ ಲಿಲ್ಲೆಹ್ಯಾಮರಲ್ಲಿ ಗೆದ್ದಿದ್ದ. ಆದ್ರೆ ಆ ಗುರುವಾರಕ್ಕೆ ಮೂರು ದಿನ ಮುಂಚೆ, ಫೆಬ್ರವರಿ 9, ಸೋಮವಾರ, 30 ಕಿಲೋಮೀಟರ್ ರೇಸಲ್ಲಿ ಅವನಿಗೆ ಸಿಕ್ಕಿದ್ದು 20ನೇ ಸ್ಥಾನ. ಅವತ್ತಿನ ಹಿಮಕ್ಕೆ ಅವನ ಸ್ಕೀ ಹೊಂದಲೇ ಇಲ್ಲ. ಗೆದ್ದವನು ಫಿನ್‌ಲ್ಯಾಂಡಿನ ಮಿಕಾ ಮಿಲ್ಲಿಲಾ. ಜಗತ್ತಿನ ದೊಡ್ಡ ಸ್ಕೀಯರ್ 20ನೇಯವನಾಗಿ ಬಂದು ನಿಂತಾಗ ಕ್ಯಾಮರಾಗಳೆಲ್ಲ ಬೇರೆ ಕಡೆ ತಿರುಗಿರ್ತವೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಗುರುವಾರ ಅವನು ಮಾಡಿದ್ದನ್ನ ಕೇಳಿದಾಗಲೆಲ್ಲ ನನಗೆ ಆ ಸೋಮವಾರ ನೆನಪಾಗತ್ತೆ. ಸಂಬಂಧ ಇತ್ತೋ ಇಲ್ವೋ, ನನ್ನ ತಲೇಲಿ ಎರಡೂ ಅಂಟ್ಕೊಂಡಿವೆ.

ಗುರುವಾರ ಹಾಕುಬಾದಲ್ಲಿ ಮಳೆ, ಹಿಮ ಎಲ್ಲಾ ಒದ್ದೆ. ಈ ಸಲ ಡೇಲಿ ಸ್ಕೀ ಸರಿಯಾಗಿತ್ತು. ಗಾಂಡ್ಲರ್ ಎರಡನೇಯವನು, ಮಿಲ್ಲಿಲಾ ಮೂರನೇಯವನು, ಡೇಲಿಗೆ ಆರನೇ ಚಿನ್ನ, ಚಳಿಗಾಲದ ಒಲಿಂಪಿಕ್ಸಲ್ಲಿ ಆರು ಚಿನ್ನ ಗೆದ್ದ ಮೊದಲ ಗಂಡಸು ಅವನೇ. ಆಮೇಲೆ ಏನು ಮಾಡಬೇಕು? ಒಣಗಿದ ಬಟ್ಟೆ ಹಾಕ್ಕೊಂಡು ಬೆಚ್ಚಗೆ ಕೂತು, ಕರೆದಾಗ ಪೋಡಿಯಂ ಹತ್ತಬೇಕು. ಸಂಘಟಕರೂ ಸಮಾರಂಭ ಶುರು ಮಾಡೋಣ ಅಂತ ಆತುರದಲ್ಲಿದ್ರು. ಡೇಲಿ ಹೋಗಲಿಲ್ಲ. ಅಂತಿಮ ಗೆರೆ ಹತ್ರಾನೇ ನಿಂತ. ಕೀನ್ಯಾದವನು ಇನ್ನೂ ಕೋರ್ಸ್ ಮೇಲೆ, ಅಂದ್ರೆ ರೇಸಿನ ದಾರೀಲಿ ಇದಾನೆ, ಅವನು ಬರಲಿ ಅಂತ.

ಕೋರ್ಸಲ್ಲಿ ಬೋಯಿಟ್ ಪಾಡು ಕಷ್ಟದ್ದಾಗಿತ್ತು. ಒದ್ದೆ ಹಿಮ ಸ್ಕೀ ತಳಕ್ಕೆ ಹಿಡ್ಕೊಂಡಿತ್ತು, ಹೆಜ್ಜೆ ಹೆಜ್ಜೆಗೂ ಎಳೀಬೇಕು. ಆ ಸ್ಥಿತೀಲಿ ರೇಸ್ ಬಿಟ್ಟು ಹೋದ್ರೆ ಯಾರೂ ಬೈತಿರಲಿಲ್ಲ. ಅವನು ಬಿಡಲಿಲ್ಲ, ಕೊನೇ ಏರು ಹತ್ತಿ ಸ್ಟೇಡಿಯಂ ಒಳಗೆ ಬಂದಾಗ ಜನ ಕೂಗಿ ಕೂಗಿ ಕರ್ಕೊಂಡ್ರು, ಗೆರೆ ದಾಟಿ ಮುಂದೆ ನೋಡಿದ್ರೆ ಆ ರೇಸ್ ಗೆದ್ದ ಮನುಷ್ಯ ಕೈ ಚಾಚಿ ನಿಂತಿದಾನೆ. ತಬ್ಬಿಕೊಂಡ. ಇಷ್ಟು ಕಷ್ಟಪಟ್ಟವನಿಗೆ ಉತ್ತೇಜನ ಸಿಗಬೇಕು ಅನ್ನೋ ಅರ್ಥದ ಮಾತನ್ನ ಡೇಲಿ ಆಮೇಲೆ ಪತ್ರಕರ್ತರ ಹತ್ರ ಹೇಳಿದ.

ಅಲ್ಲಿಂದ ಅವರಿಬ್ಬರೂ ಸ್ನೇಹಿತರಾದ್ರು. ಬೋಯಿಟ್ ತನ್ನ ಮಗನಿಗೆ ಡೇಲಿ ಅಂತ ಹೆಸರಿಟ್ಟ. ಕೀನ್ಯಾದ ಆ ಹುಡುಗನ ಹೆಸರು ಡೇಲಿ ಬೋಯಿಟ್.

ಅದೇ ನಗಾನೊದಲ್ಲಿ ಹತ್ತು ದಿನ ಆದ್ಮೇಲೆ, ಫೆಬ್ರವರಿ 22ಕ್ಕೆ, 50 ಕಿಲೋಮೀಟರ್ ಇತ್ತು. ಡೇಲಿ ಸ್ವೀಡನ್ನಿನ ನಿಕ್ಲಾಸ್ ಯೋನ್ಸನ್‌ನ 8.1 ಸೆಕೆಂಡಿಂದ ಸೋಲಿಸಿ, ಅಷ್ಟೊತ್ತಿಗೆ ಏಳಾಗಿದ್ದ ಚಿನ್ನಕ್ಕೆ ಎಂಟನೇದು ಸೇರಿಸಿದ, ಗೆರೆ ದಾಟಿದವನೇ ಹಿಮದ ಮೇಲೆ ಕುಸಿದು ಬಿದ್ದ, ಏಳೋಕೇ ಆಗಲಿಲ್ಲ. ಅದೇ ಅವನ ಕೊನೇ ಒಲಿಂಪಿಕ್ ರೇಸ್. ಮುಂದಿನ ವರ್ಷ ಆಗಸ್ಟಲ್ಲಿ ರೋಲರ್ ಸ್ಕೀ, ಅಂದ್ರೆ ರಸ್ತೆ ಮೇಲೆ ಓಡೋ ಚಕ್ರದ ಸ್ಕೀ ಮೇಲೆ ಪ್ರಾಕ್ಟೀಸ್ ಮಾಡುವಾಗ ಬಿದ್ದು ಬೆನ್ನಿಗೆ ಏಟು ಮಾಡ್ಕೊಂಡ, ಎಷ್ಟು ಚಿಕಿತ್ಸೆ ಆದ್ರೂ ಮೊದಲಿನ ಹಾಗೆ ಆಗಲಿಲ್ಲ, 2001ರಲ್ಲಿ ನಿವೃತ್ತಿ ಹೇಳಿದ.

2002ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸು ಬಂತು. ಸ್ಪರ್ಧಿಗಳ ಪಟ್ಟೀಲಿ ಡೇಲಿ ಇರಲಿಲ್ಲ. ಬೋಯಿಟ್ ಇದ್ದ. 2006ರಲ್ಲಿ ಇಟಲಿಯ ಟುರಿನ್‌ನಲ್ಲೂ ಇದ್ದ, ಮೂವತ್ನಾಲ್ಕು ವಯಸ್ಸು, ಕಾಲಿಗೆ ಸ್ಕೀ ಕಟ್ಟಿಕೊಂಡು, ತನ್ನ 30 ಸೆಕೆಂಡಿನ ಸರದಿಗೆ ಕಾಯ್ತಾ.

ನಮಸ್ಕಾರ.