ಕುರ್ಚಿ ಎಲ್ಲಿ ಹೋಯ್ತು? ‘ಪಾರ್ಸಲ್ ಮಾತ್ರ’ ಬೋರ್ಡಿನ ಹಿಂದಿನ ಲೆಕ್ಕ

[ದೃಶ್ಯ: ಕಲಬುರಗಿ, ಮೇ ತಿಂಗಳ ಮಧ್ಯಾಹ್ನ. ನಿಂತ ಬೈಕಿನ ಸೀಟಿನ ಮೇಲೆ ಬಿಚ್ಚಿದ ಬರ್ಗರ್ ಪೊಟ್ಟಣ. ಹಿಂದೆ ಅಂಗಡಿಯ ಗಾಜಿನ ಬಾಗಿಲು.]

ನಮಸ್ಕಾರ. ಈ ಬರ್ಗರ್ ನೋಡಿ. ದುಡ್ಡು ಕೊಟ್ಟಿದ್ದೇನೆ, ಬಿಲ್ಲೂ ಇದೆ. ಆದರೆ ತಿನ್ನುತ್ತಿರುವುದು ಬೈಕಿನ ಸೀಟಿನ ಮೇಲಿಟ್ಟುಕೊಂಡು. ಬಿಸಿಲು 42 ಡಿಗ್ರಿ. ಸೀಟು ಎಷ್ಟು ಕಾದಿದೆ ಅಂದರೆ, ಬರ್ಗರ್ ಆರಿಹೋಗುತ್ತೆ ಅನ್ನುವ ಚಿಂತೆಯಂತೂ ಇಲ್ಲ.

ಒಳಗೆ ಎಸಿ ಇದೆ. ಎರಡು ತಿಂಗಳ ಹಿಂದೆ ಆರು ಟೇಬಲ್ ಕೂಡ ಇದ್ದವು. ಈಗ ಗೋಡೆಗೆ ಬಡಿದ ಒಂದು ಉದ್ದ ಹಲಗೆ, ಅದರ ಮುಂದೆ ನಾಲ್ಕು ಎತ್ತರದ ಸ್ಟೂಲ್. ನಾಲ್ಕೂ ಭರ್ತಿ. ಕೌಂಟರಿನ ಹುಡುಗ ಪಾಪ, ಮರ್ಯಾದೆಯಿಂದಲೇ ಹೇಳಿದ: "ಕುಂದರಲಾಕ ಜಾಗ ಇಲ್ರೀ ಅಣ್ಣಾ, ಪಾರ್ಸಲ್ ಮಾಡಿ ಕೊಡ್ತೀನಿ."

ಅಂಗಡಿ ಹೆಸರು ಹೇಳಲ್ಲ. ಒಂದೇ ಅಂಗಡಿಯ ಕತೆ ಆಗಿದ್ದರೆ ನಾನು ವಿಡಿಯೋ ಮಾಡುತ್ತಲೂ ಇರಲಿಲ್ಲ, ಮನೆಗೆ ಹೋಗಿ ಫ್ಯಾನ್ ಕೆಳಗೆ ಮಲಗುತ್ತಿದ್ದೆ. ಫಾಸ್ಟ್‌ಫುಡ್ ಅಂಗಡಿಗಳು ಒಳಗೆ ಕೂರಿಸುವುದನ್ನು ಯಾಕೆ ಕಡಿಮೆ ಮಾಡುತ್ತಿವೆ? ಆ ಕುರ್ಚಿ ಹೋದರೆ ತೊಂದರೆ ಯಾರಿಗೆ? ಇದೇ ಇವತ್ತಿನ ವಿಷಯ.

[ಪರದೆ ಮೇಲೆ: 1948, ಸ್ಯಾನ್ ಬರ್ನಾರ್ಡಿನೋ, ಕ್ಯಾಲಿಫೋರ್ನಿಯಾ]

ಮೊದಲು ಒಂದು ತಮಾಷೆ. ನಾವೀಗ ನೋಡುವ ಥರದ ಫಾಸ್ಟ್‌ಫುಡ್ ಶುರುವಾಗಿದ್ದೇ ಒಳಗೆ ಕೂರಿಸದೆ.

ಮೆಕ್‌ಡೊನಾಲ್ಡ್ ಅಂತ ಅಡ್ಡಹೆಸರಿನ ಇಬ್ಬರು ಅಣ್ಣತಮ್ಮಂದಿರು ಅಮೆರಿಕದಲ್ಲಿ 1940ರಲ್ಲಿ ಒಂದು ಹೋಟೆಲ್ ತೆರೆದರು. ಗಿರಾಕಿ ಕಾರಿನಲ್ಲೇ ಕೂತಿರುತ್ತಿದ್ದ, ಹುಡುಗಿಯರು ತಟ್ಟೆ ಹಿಡಿದು ಕಾರಿನ ಹತ್ತಿರ ಹೋಗುತ್ತಿದ್ದರು. ವ್ಯಾಪಾರ ಚೆನ್ನಾಗೇ ಇತ್ತು. ಆದರೂ 1948ರಲ್ಲಿ ಕೆಲವು ತಿಂಗಳು ಬಾಗಿಲು ಹಾಕಿ, ಎಲ್ಲ ಬದಲಾಯಿಸಿ ಮತ್ತೆ ತೆರೆದರು. ಬಡಿಸುವವರು ಇಲ್ಲ. ತಟ್ಟೆ, ಚಮಚ ಇಲ್ಲ, ಎಲ್ಲ ಕಾಗದದಲ್ಲಿ. ಗಿರಾಕಿಯೇ ಕಿಟಕಿಗೆ ಬಂದು ತಗೊಂಡು ಹೋಗಬೇಕು. ಆದರೆ ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ: ಹ್ಯಾಂಬರ್ಗರ್ ಬೆಲೆ 30 ಸೆಂಟ್‌ನಿಂದ 15 ಸೆಂಟ್‌ಗೆ ಇಳಿಯಿತು. ನಿಮ್ಮ ಅನುಕೂಲ ಕಿತ್ತುಕೊಂಡರು, ಅದಕ್ಕೆ ಬದಲಾಗಿ ಅರ್ಧ ದುಡ್ಡು ಬಿಟ್ಟರು. ವ್ಯವಹಾರ ಅಂದರೆ ವ್ಯವಹಾರ.

ಒಳಗೆ ಕೂತು ತಿನ್ನುವ ಮೆಕ್‌ಡೊನಾಲ್ಡ್ಸ್ ಬಂದಿದ್ದು 1962ರಲ್ಲಿ, ಡೆನ್ವರ್ ಊರಲ್ಲಿ. ಕಾರಿನಲ್ಲೇ ಬಂದು ಕಿಟಕಿಯಲ್ಲಿ ತಗೊಂಡು ಹಾಗೇ ಮುಂದೆ ಹೋಗುವ ಡ್ರೈವ್ ಥ್ರೂ ಅವರಲ್ಲಿ ಶುರುವಾಗಿದ್ದು 1975ರಲ್ಲಿ, ಅರಿಜೋನಾದ ಸಿಯೆರಾ ವಿಸ್ಟಾದಲ್ಲಿ. ಅದೂ ಸೈನಿಕರಿಗಾಗಿ. ಪಕ್ಕದ ಸೇನಾ ನೆಲೆಯವರು ಕೆಲಸದ ಸಮವಸ್ತ್ರದಲ್ಲಿ ಹೊರಗೆ ಕಾರಿನಿಂದ ಇಳಿಯುವ ಹಾಗಿರಲಿಲ್ಲ. ಇಳಿಯಲಾಗದವರಿಗೆ ಗೋಡೆ ಒಡೆದು ಕಿಟಕಿ ಮಾಡಿಕೊಟ್ಟರು. ಈಗ ಇಳಿಯುವ ಮನಸ್ಸಿರುವವರಿಗೂ ಕಿಟಕಿಯೇ ಗತಿ.

ನಮ್ಮ ಕರ್ನಾಟಕದ್ದೇ ಬೇಕು ಅಂದರೆ ದರ್ಶಿನಿ ಇದೆಯಲ್ಲ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ನಿಂತುಕೊಂಡೇ ಇಡ್ಲಿ ತಿನ್ನಿ, ಕಾಫಿ ಕುಡಿಯಿರಿ, ಹೊರಡಿ. ಅಲ್ಲೂ ಅದೇ ಮಾತು: ಕುರ್ಚಿ ಇಲ್ಲ, ಮಾಣಿ ಇಲ್ಲ, ಹಾಗಾಗಿ ಅಗ್ಗ.

[ಪರದೆ ಮೇಲೆ: ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ ಅಂಗಡಿಯ ನಕ್ಷೆ. ನಾನು ಅದರೊಳಗೆ ನಿಂತಿದ್ದೇನೆ.]

ಈಗ ಮಾಲೀಕರ ಜಾಗದಲ್ಲಿ ನಿಂತು ನೋಡೋಣ. ಸುಮ್ನೆ ಬೈದರೆ ಆಗಲ್ಲ, ಲೆಕ್ಕ ಹಾಕಬೇಕು.

ಇದೊಂದು ಟೇಬಲ್, ಸುತ್ತ ನಾಲ್ಕು ಕುರ್ಚಿ. ಓಡಾಡುವ ಜಾಗ ಸೇರಿಸಿದರೆ ಇಷ್ಟು ಬೇಕು. ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಕಡೆ ಇಷ್ಟು ಜಾಗದಲ್ಲಿ ಒಬ್ಬರು ಮೊಬೈಲ್ ಕವರ್ ಅಂಗಡಿ ಇಟ್ಟು ಸಂಸಾರ ನಡೆಸುತ್ತಾರೆ! ಈ ಜಾಗಕ್ಕೆ ಬಾಡಿಗೆ ಇದೆ. ಇದನ್ನು ತಂಪಾಗಿಡಲು ಕರೆಂಟ್ ಬಿಲ್ ಇದೆ. ಒರೆಸಲು ಒಬ್ಬ ಹುಡುಗ ಬೇಕು.

ಮಧ್ಯಾಹ್ನದ ರಶ್ ಹನ್ನೆರಡೂವರೆಯಿಂದ ಮೂರು ಅಂತ ಇಟ್ಟುಕೊಳ್ಳಿ. 150 ನಿಮಿಷ. ಒಬ್ಬರು 20 ನಿಮಿಷದಲ್ಲಿ ತಿಂದು ಎದ್ದರೆ ಒಂದು ಕುರ್ಚಿಯಲ್ಲಿ ಏಳು ಜನ ಕೂರುತ್ತಾರೆ. 50 ನಿಮಿಷ ಕೂತರೆ ಮೂರೇ ಜನ. ಇನ್ನು ನಮ್ಮಂಥವರು ಒಂದು ಫ್ರೈಸ್ ತಗೊಂಡು, ನಾಲ್ಕು ಜನ ಹಂಚಿಕೊಂಡು, ಫೋನ್ ಚಾರ್ಜಿಗೆ ಹಾಕಿ, ಪ್ರಪಂಚದ ಎಲ್ಲ ವಿಷಯ ಮಾತಾಡಿ ಮುಗಿಸುವವರೆಗೆ ಕೂತರೆ? ಲೆಕ್ಕ ನೀವೇ ಮಾಡಿ. ನಾನಂತೂ ಕಾಲೇಜಿನಲ್ಲಿ ಈ ಕೆಲಸ ಬಹಳ ಮಾಡಿದ್ದೇನೆ, ಇವತ್ತು ಆ ಪಾಪ ಬೈಕಿನ ಸೀಟಿನ ಮೇಲೆ ತೀರಿತು.

ಪಾರ್ಸಲ್ ಗಿರಾಕಿಗೆ ಈ ಯಾವ ಖರ್ಚೂ ಇಲ್ಲ. ಹೌದು, ಡಬ್ಬಿ, ಕವರ್ ಖರ್ಚಿದೆ. ಆ್ಯಪ್‌ನಿಂದ ಬಂದ ಆರ್ಡರ್ ಆದರೆ ಕಮಿಷನ್ ಇದೆ. ಆದರೂ ಆ್ಯಪ್ ಗಿರಾಕಿ ಎಸಿ ಜೋರು ಮಾಡಿ ಅನ್ನಲ್ಲ, ನೀರು ಕೇಳಲ್ಲ, ಕೈ ತೊಳೆಯುವ ಜಾಗದಲ್ಲಿ ಮುಖ ತೊಳೆಯಲ್ಲ.

ಇಲ್ಲಿಯವರೆಗೆ ನಾನು ಮಾಲೀಕರ ಕಡೆ. ಇನ್ನು ಬಿಲ್ಲಿಗೆ ಬರೋಣ.

[ದೃಶ್ಯ: ಬಿಲ್ಲು, ಹತ್ತಿರದಿಂದ.]

ಆರು ಟೇಬಲ್ ಇದ್ದಾಗಲೂ ಇದೇ ಬೆಲೆ. ಈಗಲೂ ಇದೇ. ಮೇಲೆ ಡಬ್ಬಿ ಚಾರ್ಜ್ 10 ರೂಪಾಯಿ. ತೆರಿಗೆಯಲ್ಲಾದರೂ ಉಳಿಯುತ್ತಾ? ಇಲ್ಲ. ಇಂಥ ಅಂಗಡಿಗಳ ತಿಂಡಿಯ ಮೇಲೆ 5 ಪರ್ಸೆಂಟ್ ಜಿಎಸ್‌ಟಿ, ಕೂತು ತಿಂದರೂ ಅಷ್ಟೇ, ಕಟ್ಟಿಸಿಕೊಂಡರೂ ಅಷ್ಟೇ. 1948ರಲ್ಲಿ ಅವರು ಅನುಕೂಲ ಕಿತ್ತುಕೊಂಡು ಬೆಲೆ ಇಳಿಸಿದರು. ಇಲ್ಲಿ ಕುರ್ಚಿಯೂ ಹೋಯ್ತು, ಡಬ್ಬಿ ದುಡ್ಡೂ ನನ್ನದೇ. ನನ್ನ ತಕರಾರು ಇಷ್ಟೇ.

ಈ ರೂಢಿ ಗಟ್ಟಿಯಾಗಿದ್ದು ಕೊರೊನಾದಲ್ಲಿ. ಕಲಬುರಗಿಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ದೇಶದ ಮೊದಲ ಕೊರೊನಾ ಸಾವು ದಾಖಲಾಗಿದ್ದು ನಮ್ಮೂರಲ್ಲೇ, 2020ರ ಮಾರ್ಚ್‌ನಲ್ಲಿ. ಅದೇ ತಿಂಗಳು ಅಮೆರಿಕದ ದೊಡ್ಡ ಕಂಪನಿಗಳೂ ಒಳಗೆ ಕೂರಿಸುವುದನ್ನು ನಿಲ್ಲಿಸಿದವು. ನಮ್ಮಲ್ಲಿ ಮತ್ತೆ ಹೋಟೆಲಲ್ಲಿ ಕೂತು ತಿನ್ನಲು ಬಿಟ್ಟಿದ್ದು ಜೂನ್ 8ರಿಂದ. ಅಷ್ಟರಲ್ಲಿ ಮಾಲೀಕರಿಗೆ ಒಂದು ವಿಷಯ ಗೊತ್ತಾಗಿಹೋಗಿತ್ತು: ಮುಂದಿನ ಹಾಲ್ ಕತ್ತಲಿದ್ದರೂ ಹಿಂದಿನ ಒಲೆ ಉರಿಯುತ್ತೆ.

ಅಮೆರಿಕದಲ್ಲಿ ಅದನ್ನೇ ಮುಂದಕ್ಕೆ ಎಳೆದರು. 2022ರಲ್ಲಿ ಮಿನ್ನೆಸೋಟಾದ ಬ್ರೂಕ್ಲಿನ್ ಪಾರ್ಕ್‌ನಲ್ಲಿ ಟ್ಯಾಕೋ ಬೆಲ್ ಅನ್ನುವ ಫಾಸ್ಟ್‌ಫುಡ್ ಕಂಪನಿ ಒಂದು ಅಂಗಡಿ ತೆರೆಯಿತು. ಅಡುಗೆಮನೆ ಮಹಡಿ ಮೇಲೆ. ಕೆಳಗೆ ಕಾರು ಹೋಗಲು ನಾಲ್ಕು ದಾರಿ. ತಿಂಡಿ ಪುಟ್ಟ ಲಿಫ್ಟಿನಲ್ಲಿ ಕೆಳಗಿಳಿಯುತ್ತದೆ. ಕುರ್ಚಿ? ಒಂದೂ ಇಲ್ಲ. ನೋಡಲು ಹೋಟೆಲ್‌ಗಿಂತ ಟೋಲ್ ಗೇಟ್ ಥರ ಇದೆ.

[ದೃಶ್ಯ: ಮಿರ್ಚಿ ಬಂಡಿ. ಬಾಣಲೆಯಿಂದ ಎದ್ದ ಮಿರ್ಚಿ, ಕಾಗದದಲ್ಲಿ ಸುತ್ತಿ, ಕವರಿನೊಳಗೆ. ಕವರ್ ಒಳಗೆ ಹಬೆ.]

ಎಲ್ಲ ತಿಂಡಿಯೂ ಪಾರ್ಸಲ್‌ಗೆ ಒಗ್ಗುತ್ತಾ? ಒಂದು ಸಣ್ಣ ಪರೀಕ್ಷೆ ಮಾಡಿದೆ. ಬಂಡಿಯಿಂದ ನಾಲ್ಕು ಮಿರ್ಚಿ ಭಜಿ ಕಟ್ಟಿಸಿಕೊಂಡು ಹೊರಟೆ.

ಐದು ನಿಮಿಷಕ್ಕೆ ಒಂದು ತೆಗೆದೆ. ಹೊರಗೆ ಇನ್ನೂ ಗರಿ ಇದೆ, ಕಡಿದರೆ ಸದ್ದು ಬರುತ್ತೆ. ಹತ್ತು ನಿಮಿಷಕ್ಕೆ ಎರಡನೆಯದು. ಸದ್ದು ಇಲ್ಲ. ಕವರಿನ ಒಳಗೋಡೆ ಮೇಲೆ ಹನಿ ಕೂತಿದೆ. ಬಿಸಿ ಭಜಿಯ ಹಬೆ ಹೊರಗೆ ಹೋಗಲು ದಾರಿ ಇಲ್ಲದೆ ನೀರಾಗಿ ಮತ್ತೆ ಅದರ ಮೈಮೇಲೇ ಬಿದ್ದಿದೆ. ಇಪ್ಪತ್ತು ನಿಮಿಷಕ್ಕೆ ಮೂರನೆಯದು. ಹಿಟ್ಟಿನ ಅಂಗಿ ಕಳಚಿ ಕೈಗೆ ಬಂತು, ಮೆಣಸಿನಕಾಯಿ ಒಂದು ಕಡೆ, ಹಿಟ್ಟು ಒಂದು ಕಡೆ. ನಾಲ್ಕನೆಯದನ್ನು ಮನೆಯಲ್ಲಿ ತಮ್ಮನಿಗೆ ಕೊಟ್ಟೆ. ಅವನಿಗೆ ಇವತ್ತಿಗೂ ಈ ವಿಷಯ ಗೊತ್ತಿಲ್ಲ.

ಆಲೂಗಡ್ಡೆ ಫ್ರೈಸ್‌ದೂ ಇದೇ ಹಣೆಬರಹ. ಅದಕ್ಕೇ ಫ್ರೈಸ್ ಡಬ್ಬಿಯ ಬಾಯಿ ತೆರೆದಿರುತ್ತೆ, ಒಳ್ಳೆ ಪಾರ್ಸಲ್ ಡಬ್ಬಿಗಳಿಗೆ ಸಣ್ಣ ತೂತು ಇರುತ್ತೆ. ಹಬೆ ಹೋಗಲಿ ಅಂತ. ಅಂದರೆ ಕುರ್ಚಿ ತೆಗೆದವರು ನಿಮಗೆ ಅದೇ ತಿಂಡಿ ಮಾರುತ್ತಿಲ್ಲ. ಮನೆ ಮುಟ್ಟುವಷ್ಟರಲ್ಲಿ ಅದು ಬೇರೆ ತಿಂಡಿ.

[ದೃಶ್ಯ: ಅಂಗಡಿಯ ಒಳಗೆ ನಾಲ್ಕು ಸ್ಟೂಲ್. ಯಾರ ಮುಖವೂ ಕಾಣುವುದಿಲ್ಲ, ಕಾಲೇಜು ಬ್ಯಾಗುಗಳು ಮಾತ್ರ.]

ಇನ್ನು ಕುರ್ಚಿ ಹೋದರೆ ತೊಂದರೆ ಯಾರಿಗೆ ಅನ್ನುವ ಮಾತು. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ 2014ರ ಆರಂಭದಲ್ಲಿ ಒಂದು ಜಗಳ ಆಯಿತು. ಅಲ್ಲಿನ ಮೆಕ್‌ಡೊನಾಲ್ಡ್ಸ್‌ಗೆ ಕೊರಿಯಾ ಮೂಲದ ವಯಸ್ಸಾದವರು ಬಂದು, ಒಂದು ಕಾಫಿ ತಗೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. 20 ನಿಮಿಷದಲ್ಲಿ ತಿಂದು ಏಳಬೇಕು ಅಂತ ಅಂಗಡಿಯ ನಿಯಮ. ಎಬ್ಬಿಸಲು ಪೊಲೀಸರನ್ನೂ ಕರೆಸಿದರು. ದೊಡ್ಡ ಸುದ್ದಿಯಾಗಿ, ಕೊನೆಗೆ ರಾಜಿ: ಕೂರುವ ಸಮಯ ಒಂದು ಗಂಟೆಗೆ ಏರಿತು, ಮಧ್ಯಾಹ್ನದ ರಶ್‌ನಲ್ಲಿ ಹಿರಿಯರು ಜಾಗ ಬಿಟ್ಟುಕೊಡಬೇಕು ಅಂತಾಯಿತು. ಅವರಿಗೆ ಬೇಕಿದ್ದಿದ್ದು ಕಾಫಿ ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಅಂಗಡಿಯವರಿಗೂ.

ನಮ್ಮೂರಲ್ಲಿ ಗಂಡಸರಿಗೆ ಕೂರುವ ಜಾಗಕ್ಕೆ ಬರ ಇಲ್ಲ. ಚಹಾದಂಗಡಿ ಬೆಂಚು, ಪಾನ್ ಅಂಗಡಿ ಮುಂದಿನ ಕಟ್ಟೆ, ಅಪ್ಪನ ಕೆರೆ ದಂಡೆ. ನಾನು ಬೈಕಿನ ಮೇಲೆ ಕೂತು ತಿಂದೆ, ಯಾರೂ ತಿರುಗಿ ನೋಡಲಿಲ್ಲ. ಇದೇ ಕೆಲಸವನ್ನು ನನ್ನ ತಂಗಿ ಮಾಡಿದ್ದರೆ?

ಆಳಂದ, ಜೇವರ್ಗಿ, ಸೇಡಂ ಕಡೆಯಿಂದ ದಿನಾ ಬಸ್ಸಲ್ಲಿ ಓದಲು ಬರುವ ಹುಡುಗಿಯರಿದ್ದಾರೆ. ಕ್ಲಾಸು ಒಂದಕ್ಕೆ ಮುಗಿಯುತ್ತೆ, ಅವರೂರ ಬಸ್ಸು ಮೂರಕ್ಕೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಉಳಿಯಿತು, ಒಳ್ಳೆಯದೇ. ಆದರೆ ಒಂದರಿಂದ ಮೂರರವರೆಗೆ ಎಲ್ಲಿ ಕೂರಬೇಕು? ಚಹಾದಂಗಡಿ ಬೆಂಚಿನ ಮೇಲಾ? ಗಾಜಿನ ಬಾಗಿಲು, ಎಸಿ, ಯಾರೂ ದಿಟ್ಟಿಸಿ ನೋಡದ ಟೇಬಲ್, ಒಳಗೇ ಟಾಯ್ಲೆಟ್. ಇಬ್ಬರು ಸೇರಿ ಒಂದು ಫ್ರೈಸ್ ತಗೊಂಡರೆ ಇಷ್ಟೆಲ್ಲ ಸಿಗುತ್ತಿತ್ತು. ಫ್ರೈಸ್ ನೆಪ ಅಷ್ಟೇ, ಅವರು ದುಡ್ಡು ಕೊಡುತ್ತಿದ್ದಿದ್ದು ಟೇಬಲ್‌ಗೆ. ಮಾಲೀಕರ ನಕ್ಷೆಯಲ್ಲಿ ಅದು ದಂಡದ ಜಾಗ. ಟೇಬಲ್ ತೆಗೆದ ದಿನ ಮೊದಲು ಕಾಣೆಯಾದವರು ಇವರೇ. ಹಲಗೆ ಮುಂದಿನ ಸ್ಟೂಲ್ ಮೇಲೆ, ರಸ್ತೆಗೆ ಮುಖ ಮಾಡಿ ಎರಡು ಗಂಟೆ ಕೂರುವುದು ಯಾರಿಗೆ ಬೇಕು ಹೇಳಿ.

[ದೃಶ್ಯ: ಖಾನಾವಳಿ. ತಗಡಿನ ಮುಂಗಟ್ಟು. ಒಳಗೆ ರೊಟ್ಟಿ ಬಡಿಯುವ ಸದ್ದು.]

ಬರ್ಗರ್ ಹೊಟ್ಟೆಗೆ ಸಾಲಲಿಲ್ಲ. ಹತ್ತಿರದಲ್ಲೇ ಒಂದು ಖಾನಾವಳಿ. ಐದು ಟೇಬಲ್, ಹಿಂದೆ ಪರದೆ ಕಟ್ಟಿದ ಒಂದು ಸಣ್ಣ ಕೋಣೆ, ಹೊರಗೆ "ಫ್ಯಾಮಿಲಿ ರೂಮ್" ಅಂತ ಬರೆದಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ರೊಟ್ಟಿ ಬಡಿಯುತ್ತಿದ್ದ ಅಕ್ಕನನ್ನು ಕೇಳಿದೆ, ನೀವೂ ಟೇಬಲ್ ತೆಗೆದು ಬರೀ ಪಾರ್ಸಲ್ ಮಾಡಬಹುದಲ್ವಾ ಅಂತ.

ಅಕ್ಕ ಕೈ ನಿಲ್ಲಿಸಲಿಲ್ಲ. "ಬಿಸಿ ರೊಟ್ಟಿ ಕಟ್ಟಿದ್ರ ಬೆವರ್ತದ ತಮ್ಮಾ. ಮನಿಗಿ ಹೋಗಿ ಬಿಚ್ಚಿದ್ರ ಚರ್ಮ ಎಳದಂಗ ಆಗ್ತದ. ಬಿಸೀದು ಕುಂತು ಉಣ್ಣೋರಿಗಿ. ಪಾರ್ಸಲ್ ಬೇಕಂದ್ರ ಖಡಕ್ ಒಯ್ಯಿ, ತಿಂಗಳಿದ್ರೂ ಏನೂ ಆಗಲ್ಲ."

ಮಿರ್ಚಿ ಪರೀಕ್ಷೆಗೆ ನಾನು ಅರ್ಧ ದಿನ ಕಳೆದಿದ್ದೆ. ಅಕ್ಕನಿಗೆ ಒಂದು ರೊಟ್ಟಿ ತಿರುವುವಷ್ಟು ಹೊತ್ತು ಸಾಕಾಯಿತು.

ಅಕ್ಕನದೂ ಧರ್ಮಛತ್ರ ಅಲ್ಲ. ಬಾಗಿಲ ಹತ್ತಿರ ಒಂದು ಟೇಬಲ್ ತೆಗೆದು ಪಾರ್ಸಲ್ ಕವರ್ ಇಡಲು ಸ್ಟೀಲ್ ರ್‍ಯಾಕ್ ಹಾಕಿಸಿದ್ದಾರೆ. ಆ್ಯಪ್ ಹುಡುಗರು ಅಲ್ಲೇ ನಿಂತು ಹೆಸರು ಕೂಗುತ್ತಿದ್ದರು.

ಕೈ ತೊಳೆಯಲು ಹಿಂದೆ ಹೋದಾಗ ಪರದೆ ಸ್ವಲ್ಪ ಸರಿದಿತ್ತು. ಒಳಗೆ ಮೂವರು ಹುಡುಗಿಯರು, ಟೇಬಲ್ ಮೇಲೆ ನೋಟ್ಸು, ಒಂದೇ ತಟ್ಟೆ, ಅದೂ ಒಣಗಿಹೋಗಿತ್ತು. ವಾಪಸ್ ಬಂದು ಅಕ್ಕನಿಗೆ ಹೇಳಿದೆ, ಒಳಗಿನವರ ಊಟ ಆಗಿ ಬಹಳ ಹೊತ್ತಾದಂಗಿದೆ ಅಂತ.

"ಗೊತ್ತದ," ಅಂದರು. "ಅವ್ರ ಬಸ್ಸು ಮೂರಕ್ಕದ."