ಒಲೆ ಇಲ್ಲದ ರೂಮಿನ ಗಂಜಿ

ಮೊದಲು ನನ್ನ ಮರ್ಯಾದೆ ಹೋದ ಕತೆ ಹೇಳಿಬಿಡುತ್ತೇನೆ.

ಕಾಸರಗೋಡಿನಲ್ಲಿ ಕಾಲೇಜಿಗೆ ಹೋಗುತ್ತಿದ್ದ ಕಾಲ. ವಿದ್ಯಾನಗರದ ಹತ್ತಿರ ನಾಲ್ಕು ಜನ ಸೇರಿ ಒಂದು ಬಾಡಿಗೆ ರೂಮು. ನನ್ನ ಮನೆ ಬದಿಯಡ್ಕದಿಂದಲೂ ಒಳಗೆ, ಸಂಜೆಯ ಬಸ್ಸು ತಪ್ಪಿದರೆ ಮುಗಿಯಿತು. ದುಡ್ಡು ಒಟ್ಟುಹಾಕಿ 2000 ವಾಟಿನ ಇಂಡಕ್ಷನ್ ಒಲೆ ತಂದೆವು. ಗೋಡೆಯಲ್ಲಿ ಇದ್ದದ್ದು 6 ಆಂಪಿಯರಿನ ಸಣ್ಣ ಸಾಕೆಟ್. ಕುಚ್ಚಿಲಕ್ಕಿ ಇನ್ನೇನು ಕುದಿಯಬೇಕು, ಟಪ್ ಅಂತ ಶಬ್ದ. ಇಡೀ ಮಹಡಿ ಕತ್ತಲೆ. ಮರುದಿನ ಪರೀಕ್ಷೆ ಇದ್ದ ಪಕ್ಕದ ರೂಮಿನವರು ಮಲಯಾಳದಲ್ಲಿ ಬೈದದ್ದೆಲ್ಲ ನನಗೆ ಚೆನ್ನಾಗಿ ಅರ್ಥವಾಯಿತು. ಒಲೆ ಮಾಲಕರ ಮನೆ ಸೇರಿತು.

ಲೆಕ್ಕ ಆಮೇಲೆ ಹಾಕಿದೆ. 2000 ವಾಟಿಗೆ ಹೆಚ್ಚುಕಡಿಮೆ 9 ಆಂಪಿಯರ್ ಬೇಕು. ಆ ಸಾಕೆಟ್ ತಡೆಯುವುದು 6. ಬೈಗುಳಕ್ಕೆ ನಾವು ಅರ್ಹರೇ.

ನಮ್ಮ ಹತ್ತಿರ ಉಳಿದದ್ದು ಒಂದು ಕೆಟಲ್. ಅದನ್ನೂ ಕೇಳಿ, ಒಪ್ಪಿಗೆ ತಗೊಂಡು, ಅಡುಗೆಮನೆಯ ದೊಡ್ಡ ಸಾಕೆಟ್‌ನಲ್ಲಿ ಮಾತ್ರ ಹಾಕುತ್ತಿದ್ದೆವು. ಒಂದು ಲೀಟರ್ ನೀರು ನಾಲ್ಕೈದು ನಿಮಿಷಕ್ಕೆ ಕುದಿಯುತ್ತದೆ. ಕರೆಂಟು ಒಂದು ಯೂನಿಟ್‌ನ ಹತ್ತನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಈಗ ಹಾಸ್ಟೆಲ್ ಅಡುಗೆಯ ವಿಡಿಯೋ ಹುಡುಕಿದರೆ ಏನು ಸಿಗುತ್ತದೆ ಹೇಳಿ? ಕೆಟಲ್‌ನಲ್ಲಿ ನೂಡಲ್ಸ್, ಕೆಟಲ್‌ನಲ್ಲಿ ಪಾಸ್ತಾ, ಕೆಟಲ್‌ನಲ್ಲಿ ಪಾಯಸ. ನನಗೆ ಸಿಟ್ಟು ಬರುತ್ತದೆ. ಅದರಲ್ಲಿ ಒಮ್ಮೆ ಹಾಲು ಕಾಯಿಸಿ ನೋಡಿ. ಉಕ್ಕುತ್ತದೆ, ತಳ ಹಿಡಿಯುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಚಹಾಕ್ಕೆಲ್ಲ ಅದೇ ವಾಸನೆ. ಕೆಟಲ್ ಇರುವುದು ನೀರಿಗೆ. ಹೆಚ್ಚೆಂದರೆ ತೊಳೆದ ಮೊಟ್ಟೆ. ಮೊಟ್ಟೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಅದು ತಾನೇ ಆಫ್ ಆದ ಮೇಲೆ ಮುಚ್ಚಳ ತೆಗೆಯದೆ 12 ನಿಮಿಷ ಬಿಡಿ. ಬೆಂದಿರುತ್ತದೆ.

ನನ್ನ ಪ್ರಕಾರ ಬೇಯಿಸಲು ಬೆಂಕಿ ಅಷ್ಟು ಹೊತ್ತು ಬೇಕಾಗಿಯೇ ಇಲ್ಲ. ಬಿಸಿ ಆರದಂತೆ ಹಿಡಿದಿಟ್ಟರೆ ಸಾಕು. ಬಾಯಿ ಅಗಲ ಇರುವ ಒಂದು ಲೀಟರಿನ ಸ್ಟೀಲ್ ಫ್ಲಾಸ್ಕ್ ತಗೊಳ್ಳಿ. ಬಾಯಿ ಅಗಲ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ನಾನು ಮೊದಲು ತಂದದ್ದು ಸಪೂರ ಕುತ್ತಿಗೆಯದ್ದು. ಒಳಗೆ ಅಂಟಿದ ಅನ್ನವನ್ನು ಹಿಡಿಸೂಡಿಯ ಕಡ್ಡಿಯಲ್ಲಿ ಮೂರು ದಿನ ಕೆದಕಿದ್ದೇನೆ.

ರಾತ್ರಿ ಮಲಗುವ ಮುಂಚೆ ಒಂದು ಹಿಡಿ ಕುಚ್ಚಿಲಕ್ಕಿಯ ನುಚ್ಚು ನೆನೆಹಾಕಿ. ಇಡೀ ಅಕ್ಕಿ ಬೇಡ, ಅದು ಈ ಬಿಸಿಗೆ ಸರಿಯಾಗಿ ಬಗ್ಗುವುದಿಲ್ಲ. ಬೆಳ್ತಿಗೆ, ಅಂದರೆ ಕುಚ್ಚದ ಬಿಳಿ ಅಕ್ಕಿಯ ನುಚ್ಚಾದರೆ ಇನ್ನೂ ಸುಲಭ. ಬೆಳಿಗ್ಗೆ ಆ ನೀರು ಬಸಿದು ನುಚ್ಚನ್ನು ಫ್ಲಾಸ್ಕಿಗೆ ಹಾಕಿ, ಕುದಿಯುವ ನೀರು ಹೊಯ್ದು ಐದು ನಿಮಿಷ ಮುಚ್ಚಿ. ಆ ನೀರನ್ನು ಚೆಲ್ಲಿ. ಹೌದು, ಚೆಲ್ಲಿ. ಫ್ಲಾಸ್ಕಿನ ಗೋಡೆಯೂ ಅಕ್ಕಿಯೂ ಬಿಸಿಯಾಗಲಿ ಅಂತ ಮಾಡುವ ಕೆಲಸ ಅದು. ಈಗ ಹೊಸದಾಗಿ ಕುದಿಸಿದ ನೀರನ್ನು ಕುತ್ತಿಗೆವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬ್ಯಾಗಿಗೆ ಹಾಕಿ ಕಾಲೇಜಿಗೆ ಹೊರಡಿ. ಅದು ಬಸ್ಸಿನಲ್ಲಿ, ಕ್ಲಾಸಿನಲ್ಲಿ, ನಿಮ್ಮ ಕಾಲಬುಡದಲ್ಲಿ ಸುಮ್ನೆ ಬೇಯುತ್ತಿರುತ್ತದೆ. ಮಧ್ಯಾಹ್ನ ಮುಚ್ಚಳ ತೆಗೆದಾಗ ಆವಿ ಬರಬೇಕು. ಬರೀ ಉಗುರುಬೆಚ್ಚಗೆ ಇದ್ದರೆ ಆಸೆಪಡದೆ ಬಿಸಾಡಿ, ರೋಗಾಣು ಬೆಳೆಯಲು ಅದೇ ಹದ.

ಇದನ್ನು ನಾನೇ ಕಂಡುಹಿಡಿದೆ ಅಂತ ಸ್ವಲ್ಪ ದಿನ ಜಂಬದಲ್ಲಿದ್ದೆ. ಪಯ್ಯನ್ನೂರಿನ ರೂಮ್‌ಮೇಟ್ ನಕ್ಕುಬಿಟ್ಟ. "ಇದು ಚೂಡಾರಾಪೆಟ್ಟಿ ಅಲ್ವಾ?" ಅಂದ. ಬಿಸಿ ಆರದ ಪೆಟ್ಟಿಗೆ ಅಂತ ಅರ್ಥ. ಪೆಟ್ಟಿಗೆಯ ಒಳಗೆ ಬಿಸಿ ಹೊರಬಿಡದ ವಸ್ತುವನ್ನು ಒತ್ತಾಗಿ ತುಂಬಿರುತ್ತಾರೆ. ಸ್ವಲ್ಪ ಹೊತ್ತು ಕುದಿಸಿದ ಅಕ್ಕಿಯ ಪಾತ್ರೆಯನ್ನು ಅದರಲ್ಲಿ ಇಟ್ಟು ಮುಚ್ಚಿದರೆ ಉಳಿದದ್ದು ತಾನೇ ಬೇಯುತ್ತದೆ. ಜನರಿಗೆ ವಿಜ್ಞಾನ ತಲುಪಿಸಲು 1962ರಲ್ಲಿ ಹುಟ್ಟಿದ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಸೌದೆ, ಗ್ಯಾಸು ಉಳಿಸಲು ಇದನ್ನು ಮನೆಮನೆಗೆ ಪರಿಚಯಿಸಿದವರು. ಈಗ ಅಂಗಡಿಯಲ್ಲಿ ಥರ್ಮಲ್ ಕುಕ್ಕರ್ ಅಂತ ಸ್ಟೀಲಿನಲ್ಲಿ ಹೊಳೆಯುತ್ತಾ ಕೂತಿರುವುದೂ ಅದೇ ಉಪಾಯ.

ಬರೀ ಗಂಜಿ ಕುಡಿದರೆ ಮೂರು ಗಂಟೆಗೆ ಮತ್ತೆ ಹಸಿವು. ಜೊತೆಗೆ ಕಾಳು ಬೇಕು. ಇಲ್ಲಿ ಒಂದು ತಮಾಷೆ. ಮನೆಯಲ್ಲಿ ನಾವು ಹೆಸರು ಅನ್ನುತ್ತೇವೆ, ತುಳುವಿನವರು ಪದೆಂಜಿ ಅನ್ನುತ್ತಾರೆ, ಪೇಟೆಯ ಅಂಗಡಿಯಲ್ಲಿ ಚೆರುಪಯರ್ ಅನ್ನಬೇಕು. ಹುರುಳಿಯೂ ಹಾಗೆ, ಒಬ್ಬರಿಗೆ ಕುಡು, ಇನ್ನೊಬ್ಬರಿಗೆ ಮುತಿರ. ಮೊದಲ ವಾರ ನಾನು ಬೆರಳು ತೋರಿಸಿಯೇ ಸಾಮಾನು ತಂದವನು.

100 ಗ್ರಾಂ ಒಣ ಹೆಸರಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. 50 ಗ್ರಾಂ ತಿಂದರೆ ಎರಡು ಮೊಟ್ಟೆಗೆ ಸಮ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಇದೇ ಎರಡು ನೀರಿನ ಕ್ರಮದಲ್ಲಿ ಫ್ಲಾಸ್ಕಿಗೆ ಹಾಕಿದರೆ ಮೆತ್ತಗಾಗುತ್ತದೆ. ಮೇಲೆ ಕಾಯಿತುರಿ, ಉಪ್ಪು, ಒಂದು ಕಾಯಿಮೆಣಸು. ಮೊಳಕೆಯನ್ನು ಹಸಿಯಾಗಿ ತಿನ್ನುವ ಫ್ಯಾಶನ್ ನನಗೆ ಹಿಡಿಸುವುದಿಲ್ಲ. ಆ ಬೆಚ್ಚಗಿನ ಒದ್ದೆಯಲ್ಲಿ ಬ್ಯಾಕ್ಟೀರಿಯಾಕ್ಕೂ ಸುಗ್ಗಿ.

ಒಂದು ಎಚ್ಚರಿಕೆ, ಇದರಲ್ಲಿ ತಮಾಷೆ ಇಲ್ಲ. ರಾಜ್ಮಾವನ್ನು ಫ್ಲಾಸ್ಕಿನಲ್ಲಿ ಬೇಯಿಸಲೇಬೇಡಿ. ಅದರಲ್ಲಿ ಒಂದು ವಿಷದ ಅಂಶ ಇದೆ. ನೆನೆಸಿದ ಮೇಲೂ ಕಡಿಮೆಯೆಂದರೆ 10 ನಿಮಿಷ ಕೊತಕೊತ ಕುದಿದರೆ ಮಾತ್ರ ಅದು ಹೋಗುತ್ತದೆ. ಅರೆಬೆಂದರೆ ವಾಂತಿ, ಭೇದಿ. ಊರಿಗೆ ಹೋದಾಗ ಅಮ್ಮನ ಕುಕ್ಕರಿನಲ್ಲಿ ತಿನ್ನಿ.

ಬೆಂಕಿಯೇ ಬೇಡದ್ದೂ ಇದೆಯಲ್ಲ. ನೆನೆಸಿದ ಹೆಸರುಬೇಳೆ, ಮುಳ್ಳುಸೌತೆ, ನಿಂಬೆಹುಳಿ: ಕೋಸಂಬರಿ. ಮನೆಯಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಒಂದೆಲಗ ಸುತ್ತಿ ತಂದರೆ ಎರಡು ದಿನ ಇರುತ್ತದೆ. ಮಿಕ್ಸಿ ಇಲ್ಲ, ಹಾಗಾಗಿ ಎಲೆಯನ್ನು ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ, ಜೀರಿಗೆ ಜೊತೆ ಲೋಟದ ತಳದಲ್ಲಿ ಜಜ್ಜಿ ಮಜ್ಜಿಗೆಗೆ ಹಾಕುತ್ತಿದ್ದೆ. ಅಜ್ಜಿ ಕಂಡರೆ ಅದನ್ನು ತಂಬುಳಿ ಅನ್ನಲು ಬಿಡುತ್ತಿರಲಿಲ್ಲ. ಆದರೂ ಗಂಜಿಗೆ ಬರೀ ಉಪ್ಪಿನಕಾಯಿ ನೆಕ್ಕುವುದಕ್ಕಿಂತ ವಾಸಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಅನ್ನುತ್ತದೆ. ನೂಡಲ್ಸ್ ಮಸಾಲೆಯನ್ನು ಬೈಯುವ ನಾವು ಮಿಡಿ ಉಪ್ಪಿನಕಾಯಿ ಬಂದಾಗ ಈ ಲೆಕ್ಕ ಮರೆಯುತ್ತೇವೆ.

ದಿನಾ ಇದನ್ನೇ ತಿನ್ನಿ ಅನ್ನುತ್ತಿಲ್ಲ. ಶುಕ್ರವಾರ ರಾತ್ರಿ ನಾವೂ ಪೊರೋಟ ತಿನ್ನಲು ಹೋಗುತ್ತಿದ್ದೆವು, ಸಾಲ ಮಾಡಿ ಕೂಡ.

ರೂಮು ಬಾಡಿಗೆಗೆ ಕೊಡುವವರಲ್ಲಿ ಒಂದು ಮಾತು. ಇಂಡಕ್ಷನ್ ಬೇಡ ಅಂದದ್ದು ಸರಿ. ಆದರೆ ಬೇಡ ಅಂತ ಗೋಡೆಗೆ ಚೀಟಿ ಅಂಟಿಸಿ ಸುಮ್ಮನಾಗಬೇಡಿ. ಮಹಡಿಗೊಂದು 16 ಆಂಪಿಯರಿನ ಸಾಕೆಟ್, ಅದರ ಪಕ್ಕ ಒಂದು ಕಲ್ಲಿನ ಕಟ್ಟೆ, ಪಾತ್ರೆ ತೊಳೆಯಲು ಒಂದು ನಲ್ಲಿ ಹಾಕಿಸಿಕೊಡಿ. ಬಾಡಿಗೆ ನೂರು ರೂಪಾಯಿ ಏರಿಸಿದರೂ ಮಕ್ಕಳು ಕೊಡುತ್ತಾರೆ. ನಮ್ಮ ಒಲೆ ಇನ್ನೂ ನಿಮ್ಮ ಅಟ್ಟದಲ್ಲಿದ್ದರೆ ಅದನ್ನೂ ಅಲ್ಲೇ ಇಡಿ.